ಲೆಕ್ಕದ ಮೇಜಿಗೆ ಹೊರಟ ಮೊಮ್ಮಗನಿಗೆ

ಬಾಡಗಂಡಿ, ತಾ. ಬೀಳಗಿ



ನಿನಗೆ ನೌಕರಿಯ ಆದೇಶ ಬಂದ ಸುದ್ದಿಯನ್ನು ನಿನ್ನವ್ವ ಓಣಿಯ ಮನೆಮನೆಗೂ ಮುಟ್ಟಿಸಿ ಬಂದಳು. ಸರ್ಕಾರಿ ನಿಗಮ, ಅದರಲ್ಲೂ ಲೆಕ್ಕಪತ್ರ ಶಾಖೆ ಎಂದು ಕೇಳಿ ನನಗೆ ಹಿಗ್ಗೂ ಆಯಿತು, ಒಳಗೊಳಗೇ ಕಾಳಜಿಯೂ ಹತ್ತಿತು. ನನ್ನ ದುಡಿಮೆಯ ವರ್ಷಗಳೆಲ್ಲ ಇಂಥದ್ದೇ ಶಾಖೆಯಲ್ಲಿ ಕಿರ್ದಿ, ಖತಾವಣಿ, ವೋಚರುಗಳ ನಡುವೆ ಕಳೆದವು. ಆ ಮೇಜಿನ ಸುಖವೂ ಗೊತ್ತು, ಅಪಾಯವೂ ಗೊತ್ತು.

ನಿನ್ನ ಪತ್ರದಲ್ಲಿ ಒಂದು ಪ್ರಶ್ನೆ ಕೇಳಿದ್ದೀ. ಖಾಸಗಿ ಕಂಪನಿಯವರು ಸುಳ್ಳು ಲೆಕ್ಕ ಬರೆಯುವುದು ಅರ್ಥವಾಗುತ್ತದೆ, ಅವರಿಗೆ ಶೇರಿನ ಬೆಲೆ ಏರಬೇಕು, ಬ್ಯಾಂಕಿನವರು ಸಾಲ ಕೊಡಬೇಕು. ಸರ್ಕಾರದ ಕಂಪನಿಗೆ ಆ ದರ್ದು ಯಾಕೆ? ಅಲ್ಲಿ ಲಾಭ ಬಂದರೆ ಯಾರ ಕಿಸೆಗೂ ಹೋಗುವುದಿಲ್ಲ, ನಷ್ಟವಾದರೆ ಯಾರ ಮನೆಯೂ ಮುಳುಗುವುದಿಲ್ಲವಲ್ಲ ಎಂದಿದ್ದೀ. ತಮ್ಮಾ, ಅರ್ಧ ಉತ್ತರ ನಿನ್ನ ಕೊನೆಯ ಮಾತಿನಲ್ಲೇ ಇದೆ. ಯಾರ ಮನೆಯೂ ಮುಳುಗುವುದಿಲ್ಲ ಎಂದೇ ಅಲ್ಲಿ ಲೆಕ್ಕವನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ.

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ತಪ್ಪೊಪ್ಪಿಕೊಂಡದ್ದನ್ನು ನೀನು ಪುಸ್ತಕದಲ್ಲಿ ಓದಿದ್ದೀ. ಬ್ಯಾಂಕಿನಲ್ಲಿ ಇದೆ ಎಂದು ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಸುದ್ದಿ ಬಂದ ದಿನವೇ ಶೇರಿನ ಬೆಲೆ ನೆಲಕಚ್ಚಿತು, ರೊಕ್ಕ ಹೂಡಿದವರು ಬೀದಿಗೆ ಬಂದು ಕೂಗಿದರು. ಅಲ್ಲಿ ಕಳೆದುಕೊಂಡವರಿಗೆ ತಾವು ಕಳೆದುಕೊಂಡೆವೆಂಬುದು ಗೊತ್ತಿತ್ತು. ಸರ್ಕಾರಿ ನಿಗಮದ ಲೆಕ್ಕ ಸುಳ್ಳಾದಾಗ ಕಳೆದುಕೊಳ್ಳುವವನು ತೆರಿಗೆ ಕೊಟ್ಟವನು, ಇಲ್ಲವೆ ಯೋಜನೆಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವ ಬಡವ. ಅವನ ಕೈಯಲ್ಲಿ ಶೇರಿನ ಚೀಟಿಯೂ ಇಲ್ಲ, ತಾಳೆಪಟ್ಟಿಯ ಪ್ರತಿಯೂ ಇಲ್ಲ.

ನಮ್ಮ ಸೀಮೆಯ ರೈತರು ಕಬ್ಬಿನ ತೂಕದ ಬಗ್ಗೆ ಎಂದಿನಿಂದಲೂ ಒಂದು ಮಾತು ಹೇಳುತ್ತಾರೆ, ನೀನೂ ಕೇಳಿರುತ್ತೀ. ಕಾಟಾ ಹಿಡಿಯುವವನೂ ಅವನೇ, ರೊಕ್ಕ ಎಣಿಸುವವನೂ ಅವನೇ ಆದರೆ ತೂಕ ಸರಿ ಇದ್ದರೂ ನಂಬಿಕೆ ಹುಟ್ಟುವುದಿಲ್ಲ. ಅದಕ್ಕೇ ಹೊರಗೆ ಬೇರೊಂದು ಕಾಟಾ ಇರಬೇಕು ಎನ್ನುತ್ತಾರೆ. ಸರ್ಕಾರಿ ಕಂಪನಿಯಲ್ಲಿ ಸರ್ಕಾರವೇ ಒಡೆಯ. ಎಂ.ಡಿ.ಯನ್ನು ನೇಮಿಸುವುದೂ, ಅಧ್ಯಕ್ಷರನ್ನು ಕೂರಿಸುವುದೂ ಸರ್ಕಾರವೇ. ಅನುದಾನ ಕೊಡುವುದು, ಸಾಲಕ್ಕೆ ಖಾತರಿ ನಿಲ್ಲುವುದು, ಬಹಳ ಕಡೆ ಅದರ ದೊಡ್ಡ ಗಿರಾಕಿಯಾಗಿರುವುದು ಕೂಡ ಸರ್ಕಾರವೇ. ಲೆಕ್ಕ ಕೇಳುವವನೂ ಲೆಕ್ಕ ಒಪ್ಪಿಸುವವನೂ ಒಂದೇ ಮನೆಯವರು. ನಾನು ಕಂಡಂತೆ ಸುಳ್ಳು ವರದಿಯ ಮೂಲ ಇದೇ. ದುರಾಸೆ, ಲಂಚ, ರಾಜಕೀಯ ಒತ್ತಡ ಎಂದು ಪುಸ್ತಕದಲ್ಲಿ ಬರೆದದ್ದೆಲ್ಲ ನಿಜವೇ. ಅವು ಬಂದು ಕೂರಲು ಜಾಗ ಮಾಡಿಕೊಡುವುದು ಈ ವ್ಯವಸ್ಥೆ.

ಕಾನೂನಿನಲ್ಲಿ ಹೊರಗಿನ ಕಾಟಾ ಇಲ್ಲವೆಂದಲ್ಲ. ಶೇಕಡಾ 51ಕ್ಕೆ ಕಡಿಮೆ ಇಲ್ಲದಷ್ಟು ಬಂಡವಾಳ ಸರ್ಕಾರದ್ದಾಗಿರುವ ಕಂಪನಿಗೆ 2013ರ ಕಂಪನಿ ಕಾಯ್ದೆಯ 139(5)ನೇ ಕಲಮಿನ ಪ್ರಕಾರ ಲೆಕ್ಕಪರಿಶೋಧಕರನ್ನು ನೇಮಿಸುವವರು ಭಾರತದ ಮಹಾಲೇಖಪಾಲರು (ಸಿಎಜಿ). ಆ ಪರಿಶೋಧಕರ ವರದಿ ಬಂದ 60 ದಿನದೊಳಗೆ ಮಹಾಲೇಖಪಾಲರ ಕಚೇರಿ ತಾನೇ ಪೂರಕ ಪರಿಶೋಧನೆ ಮಾಡಿ ಷರಾ ಬರೆಯಬಹುದು. ಮುಂದೆ ಅದು ವಿಧಾನಮಂಡಲದ ಎದುರು ಬರಬೇಕು, ಸಾರ್ವಜನಿಕ ಉದ್ದಿಮೆಗಳ ಸಮಿತಿ ಅದನ್ನು ನೋಡಬೇಕು. ಖಾಸಗಿ ಕಂಪನಿಗಿಲ್ಲದ ಕಾವಲು ಇದು. ಆದರೆ ತೂಗಬೇಕಾದರೆ ಗಾಡಿ ಕಾಟಾದ ಮೇಲೆ ಬರಬೇಕಲ್ಲ. ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆಯಲ್ಲಿ ಮಂಡನೆಯಾಗಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ರಾಜ್ಯದ ಅನೇಕ ನಿಗಮಗಳ ಲೆಕ್ಕ ವರ್ಷಗಟ್ಟಲೆ ಬಾಕಿ ಉಳಿದಿರುವುದನ್ನು ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ.

ಈ ವಿಳಂಬವನ್ನು ಸೋಮಾರಿತನ ಎಂದು ತಿಳಿಯಬೇಡ. ಮೊದಲ ಸುಳ್ಳು ಇದೇ. ಮೂರು ವರ್ಷ ತಡವಾಗಿ ಬಂದ ಲೆಕ್ಕದಲ್ಲಿ ಏನು ಬರೆದರೂ ಕೇಳುವವರಿಲ್ಲ. ಅಷ್ಟರಲ್ಲಿ ಎಂ.ಡಿ. ಬದಲಾಗಿರುತ್ತಾರೆ, ಲೆಕ್ಕಾಧಿಕಾರಿ ನಿವೃತ್ತರಾಗಿರುತ್ತಾರೆ, ವೋಚರಿನ ಕಟ್ಟು ಗೆದ್ದಲಿನ ಪಾಲಾಗಿರುತ್ತದೆ. ಹೊಸದಾಗಿ ಬಂದವರು ಹಳೆಯದಕ್ಕೆ ಹೊಣೆ ಹೊರಲು ಒಪ್ಪುವುದಿಲ್ಲ, ಹಳಬರು ಕೈಗೆ ಸಿಗುವುದಿಲ್ಲ. ಆಗ ಹಿಂದಿನ ವರ್ಷದ ಮೊತ್ತವನ್ನೇ ಮುಂದಕ್ಕೆ ತಂದು, ತಾಳೆಯಾಗದ ಹಣವನ್ನು ‘ಅಮಾನತು’ ಎಂಬ ತಲೆಬರಹದ ಕೆಳಗೆ ತಳ್ಳುತ್ತಾರೆ. ನೀನು ಹೋಗುವ ಶಾಖೆಯಲ್ಲಿ ಮೊದಲು ಈ ಅಮಾನತು ಖಾತೆಯ ಪುಟ ತೆಗೆಸಿ ನೋಡು. ನಿಗಮದ ಆರೋಗ್ಯ ಲಾಭ-ನಷ್ಟದ ಪಟ್ಟಿಗಿಂತ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಎರಡನೆಯ ಸುಳ್ಳು ಹುಟ್ಟುವುದು ಮಾರ್ಚ್ ತಿಂಗಳಲ್ಲಿ. ಅನುದಾನದ ಹಣ ಖಜಾನೆಯಿಂದ ಬರುವುದೇ ತಡವಾಗಿ, ಆದರೂ ಅದು ವರ್ಷ ಮುಗಿಯುವುದರೊಳಗೆ ಖರ್ಚಾಗಬೇಕು. ಆಗದಿದ್ದರೆ ವಾಪಸ್, ಮೇಲಾಗಿ ಮುಂದಿನ ವರ್ಷದ ಅನುದಾನಕ್ಕೂ ಕತ್ತರಿ. ನನ್ನ ಕಾಲದಲ್ಲಿ ಒಂದು ಕಚೇರಿಯಲ್ಲಿ, ಹೆಸರು ಬೇಡ, ಮಾರ್ಚ್ 31ರ ರಾತ್ರಿ ಕೂತು ಕಂತೆಗಟ್ಟಲೆ ಚೆಕ್ಕು ಬರೆಯುವುದನ್ನು ನೋಡಿದ್ದೇನೆ. ಕ್ಯಾಶ್‌ಬುಕ್ಕಿನ ಪಾವತಿ ಬದಿಯಲ್ಲಿ ಅವೆಲ್ಲ ದಾಖಲಾಗುತ್ತಿದ್ದವು. ಚೆಕ್ಕುಗಳು ಮಾತ್ರ ಬೀರುವಿನಲ್ಲೇ ಇರುತ್ತಿದ್ದವು, ಕೆಲಸ ಮುಗಿದಂತೆ ಒಂದೊಂದಾಗಿ ಜೂನ್, ಜುಲೈವರೆಗೂ ಹೊರಗೆ ಹೋಗುತ್ತಿದ್ದವು. ‘ಪೂರ್ಣ ಹಣ ಬಳಕೆಯಾಗಿದೆ’ ಎಂಬ ಪ್ರಮಾಣಪತ್ರ ಮಾತ್ರ ಏಪ್ರಿಲ್ ಮೊದಲ ವಾರದಲ್ಲೇ ಬೆಂಗಳೂರಿಗೆ ತಲುಪುತ್ತಿತ್ತು. ಅದನ್ನು ಮಾಡಿದವರಲ್ಲಿ ಒಂದು ಪೈಸೆ ತಿಂದವರಿರಲಿಲ್ಲ. ಬಡವರ ಹಣ ವಾಪಸ್ ಹೋಗದಿರಲಿ ಎಂಬ ಒಳ್ಳೆಯ ಮನಸ್ಸೇ ಇತ್ತು.

ಆ ಒಳ್ಳೆಯ ಮನಸ್ಸಿನಿಂದ ಏನಾಗುತ್ತದೆ ನೋಡು. ಕಾಗದದ ಮೇಲೆ ಖರ್ಚಾಗಿ ಹೋದ, ಬ್ಯಾಂಕಿನಲ್ಲಿ ಇನ್ನೂ ಉಳಿದಿರುವ ಹಣಕ್ಕೆ ಕಾವಲುಗಾರನಿರುವುದಿಲ್ಲ. ಕೊಟ್ಟ ಇಲಾಖೆ ಅದು ಮುಗಿಯಿತೆಂದು ಮರೆಯುತ್ತದೆ. ಪಡೆಯಬೇಕಾದವನಿಗೆ ಅದು ಇರುವುದೇ ಗೊತ್ತಿಲ್ಲ. ಬಡ್ಡಿ ಬರಲೆಂದು ಅದನ್ನು ಯಾವುದೋ ಬ್ಯಾಂಕಿನಲ್ಲಿ ಎಫ್‌ಡಿ ಇಡುತ್ತಾರೆ, ಒಂದು ಹೊಸ ಖಾತೆ ತೆರೆಯುತ್ತಾರೆ, ಅದರಿಂದ ಇನ್ನೊಂದು. ಕಳ್ಳ ಬರುವುದು ಆಮೇಲೆ. ಬಾಗಿಲು ತೆಗೆದಿಟ್ಟದ್ದು ಸುಳ್ಳು ವರದಿ.

2024ರಲ್ಲಿ ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ವಿಷಯ ಹೊರಬಂದಾಗ ನಾನು ಪತ್ರಿಕೆಗಳನ್ನು ಕತ್ತರಿಸಿ ಇಟ್ಟುಕೊಂಡೆ. ಅದು ಸರ್ಕಾರಿ ಕಂಪನಿ. ಗಂಗಾ ಕಲ್ಯಾಣದ ಕೊಳವೆಬಾವಿ, ಭೂಮಿ ಇಲ್ಲದವರಿಗೆ ಭೂಮಿ, ಹುಡುಗರಿಗೆ ಸ್ವಂತ ಉದ್ಯೋಗಕ್ಕೆ ಸಾಲ, ಇವೇ ಅದರ ಕೆಲಸ. ನಮ್ಮ ಪಕ್ಕದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಬ್ರಿಟಿಷರ ಎದುರು ನಿಂತು ಪ್ರಾಣ ಕೊಟ್ಟರು. ಅವರ ಮೊಮ್ಮಕ್ಕಳಂಥವರ ಹೊಲಕ್ಕೆ ನೀರು ತರಬೇಕಾದ ರೊಕ್ಕ ಅದು. ಆ ನಿಗಮದ ಖಾತೆ ಬೆಂಗಳೂರಿನ ಯೂನಿಯನ್ ಬ್ಯಾಂಕಿನ ಎಂ.ಜಿ. ರಸ್ತೆ ಶಾಖೆಗೆ ಬಂತು. ಅದರಲ್ಲಿ ಸುಮಾರು 187 ಕೋಟಿ ರೂಪಾಯಿ ಸೇರಿತು. ಆ ಹಣದಲ್ಲಿ ಸುಮಾರು 89 ಕೋಟಿ ಅಕ್ರಮವಾಗಿ ವರ್ಗವಾಗಿದೆ ಎಂದು ಮುಖ್ಯಮಂತ್ರಿಗಳೇ ವಿಧಾನಸಭೆಯಲ್ಲಿ ಒಪ್ಪಿಕೊಂಡರು. ಹಣ ಹೋದದ್ದು ಹೈದರಾಬಾದಿನ ಒಂದು ಸಹಕಾರ ಸಂಘದಲ್ಲಿ ತೆರೆದ ಖಾತೆಗಳಿಗೆ. ಇಲಾಖೆಯ ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಜಾರಿ ನಿರ್ದೇಶನಾಲಯ ಅವರನ್ನು ಬಂಧಿಸಿತು. ಅವರು ಆರೋಪ ಅಲ್ಲಗಳೆದಿದ್ದಾರೆ. ಯಾರು ತಪ್ಪಿತಸ್ಥರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನನ್ನದಲ್ಲ.

ಇದು ಹಣ ಲಪಟಾಯಿಸಿದ ಪ್ರಕರಣ, ಸುಳ್ಳು ತಾಳೆಪಟ್ಟಿಯದಲ್ಲ ಎಂದು ನೀನು ಹೇಳಬಹುದು. ಆದರೆ ನಿಗಮದ ಕ್ಯಾಶ್‌ಬುಕ್ಕನ್ನೂ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ವಾರಕ್ಕೊಮ್ಮೆ, ಸಹಿ ಮಾಡುವ ಅಧಿಕಾರವಿಲ್ಲದ ಬೇರೊಬ್ಬರು, ಪಕ್ಕಪಕ್ಕ ಇಟ್ಟು ನೋಡುವ ಪದ್ಧತಿ ಗಟ್ಟಿಯಾಗಿದ್ದರೆ ಕೋಟಿಗಟ್ಟಲೆ ಹಣ ಹೀಗೆ ಹರಿದು ಹೋಗುತ್ತಿರಲಿಲ್ಲ. ತಿಂಗಳ ಕೊನೆಗೆ ಬ್ಯಾಂಕ್ ತಾಳೆ ಮಾಡುವುದು ಗುಮಾಸ್ತೆಯ ಚಿಲ್ಲರೆ ಕೆಲಸ ಎಂದು ದೊಡ್ಡವರು ತಿಳಿದುಕೊಂಡಿದ್ದಾರೆ. ನನ್ನ ಮಟ್ಟಿಗೆ ನಿಗಮವೊಂದರಲ್ಲಿ ಅದಕ್ಕಿಂತ ದೊಡ್ಡ ಕೆಲಸವಿಲ್ಲ.

ಆ ನಿಗಮದ ಲೆಕ್ಕ ಶಾಖೆಯ ಅಧೀಕ್ಷಕರೊಬ್ಬರು 2024ರ ಮೇ 26ರಂದು ಶಿವಮೊಗ್ಗದಲ್ಲಿ ಪ್ರಾಣ ಕಳೆದುಕೊಂಡರು. ಮೇಲಿನವರ ಒತ್ತಡದ ಬಗ್ಗೆ ಅವರು ಬರೆದಿಟ್ಟ ಪತ್ರದಿಂದಲೇ ಪ್ರಕರಣ ಹೊರಬಂತು. ತಮ್ಮಾ, ನಾನು ಇಷ್ಟು ಉದ್ದ ಬರೆಯುತ್ತಿರುವುದು ಆ ಮನುಷ್ಯನ ಕಾರಣಕ್ಕೆ. ನಿನ್ನ ಮೇಜೂ ಅವರದ್ದೇ ಮೇಜು. ಆ ಮಾತಿಗೆ ಮತ್ತೆ ಬರುತ್ತೇನೆ.

ಅದೇ ವರ್ಷದ ಆಗಸ್ಟ್ 12ರಂದು ರಾಜ್ಯ ಸರ್ಕಾರ ತನ್ನ ಇಲಾಖೆ, ನಿಗಮ, ಮಂಡಳಿಗಳೆಲ್ಲ ಸ್ಟೇಟ್ ಬ್ಯಾಂಕ್ ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕಿನ ಖಾತೆ ಮುಚ್ಚಬೇಕೆಂದು ಆದೇಶಿಸಿತು. ಕೆಲವೇ ದಿನಕ್ಕೆ ಅದನ್ನು ತಡೆಹಿಡಿಯಿತು. ಆ ಆದೇಶಕ್ಕೆ ಕಾರಣವಿತ್ತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಟ್ಟ ಠೇವಣಿಯಲ್ಲಿ 12 ಕೋಟಿ ವಾಪಸ್ ಬಂದಿರಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ 10 ಕೋಟಿ ಠೇವಣಿ ನಕಲಿ ದಾಖಲೆಗಳ ಮೂಲಕ ಖಾಸಗಿ ಕಂಪನಿಯೊಂದರ ಸಾಲಕ್ಕೆ ಜಮೆಯಾಗಿತ್ತು. ಸತ್ಯಂನಲ್ಲೂ ಇಲ್ಲೂ ಪಾಠ ಒಂದೇ: ಎಫ್‌ಡಿ ರಸೀದಿ ಕಪಾಟಿನಲ್ಲಿದೆ ಎಂದರೆ ಹಣ ಬ್ಯಾಂಕಿನಲ್ಲಿದೆ ಎಂದರ್ಥವಲ್ಲ.

ಇನ್ನು ಯಾರೂ ಕಳ್ಳರಲ್ಲದಿದ್ದರೂ ಲೆಕ್ಕ ಸುಳ್ಳಾಗುವ ಬಗೆ ಒಂದಿದೆ. ಅದು ನಮ್ಮ ಹೊಲದಲ್ಲೇ ಇದೆ. ನಮಗೆ ಕರೆಂಟು ಕೊಡುವ ಹೆಸ್ಕಾಂ ಹುಬ್ಬಳ್ಳಿಯಿಂದ ಏಳು ಜಿಲ್ಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಕಂಪನಿ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಅದರ ಹಣ ಸರ್ಕಾರ ತುಂಬಿಕೊಡಬೇಕು. ಬಹುಪಾಲು ಪಂಪ್‌ಸೆಟ್ಟಿಗೆ ಮೀಟರಿಲ್ಲ. ಆದ್ದರಿಂದ ರೈತ ಎಷ್ಟು ಯೂನಿಟ್ ಬಳಸಿದ ಎಂಬುದು ಅಂದಾಜು. ಈಗ ನೀನೇ ಯೋಚಿಸು. ಕಂಪನಿ ಕೊಂಡ ವಿದ್ಯುತ್ತಿನಲ್ಲಿ ಮೀಟರಿನ ಮೂಲಕ ಮಾರಿದ್ದನ್ನು ಕಳೆದರೆ ಉಳಿಯುವುದು ಎರಡೇ: ಪಂಪ್‌ಸೆಟ್ಟು ಬಳಸಿದ್ದು, ತಂತಿಯಲ್ಲಿ ಸೋರಿದ್ದು ಅಥವಾ ಕಳುವಾದದ್ದು. ಪಂಪ್‌ಸೆಟ್ಟಿನ ಪಾಲನ್ನು ಹಿಗ್ಗಿಸಿದರೆ ಸೋರಿಕೆ ಕಡಿಮೆ ಕಾಣುತ್ತದೆ, ಕಂಪನಿ ದಕ್ಷವಾಗಿದೆ ಅನ್ನಿಸುತ್ತದೆ, ಸರ್ಕಾರದಿಂದ ಬರಬೇಕಾದ ಸಹಾಯಧನವೂ ಹೆಚ್ಚುತ್ತದೆ. ದೇಶದ ಹಲವು ರಾಜ್ಯಗಳ ವಿದ್ಯುತ್ ಕಂಪನಿಗಳಿಗೆ ನಿಯಂತ್ರಣ ಆಯೋಗಗಳು ಎತ್ತಿದ ಪ್ರಶ್ನೆ ಇದು. ನಮ್ಮ ರಾಜ್ಯದ ಆಯೋಗವೂ ಪಂಪ್‌ಸೆಟ್ಟುಗಳ ಸಮೀಕ್ಷೆ ಮಾಡಿ, ಮೀಟರ್ ಇಟ್ಟು ಅಳೆಯಿರಿ ಎಂದು ಹೇಳುತ್ತಲೇ ಬಂದಿದೆ. ಸಹಾಯಧನವನ್ನು ಸರ್ಕಾರ ತಡವಾಗಿ ಕೊಟ್ಟರೆ ಆ ಬಾಕಿ ಕಂಪನಿಯ ಪುಸ್ತಕದಲ್ಲಿ ಆಸ್ತಿಯಾಗಿ ಕೂರುತ್ತದೆ. ಬಾರದ ಹಣ ಆಸ್ತಿ, ಅದನ್ನು ನಂಬಿ ತಂದ ಸಾಲ ಮಾತ್ರ ನಿಜ. ಇಲ್ಲಿ ಒಬ್ಬನೂ ಸುಳ್ಳು ಸಹಿ ಹಾಕಿಲ್ಲದಿರಬಹುದು. ಆದರೂ ಓದಿದವನಿಗೆ ಸತ್ಯ ಸಿಗುವುದಿಲ್ಲ. ಈ ಬಗೆಯ ಲೆಕ್ಕದಿಂದ ಹೆಸರು ಕೆಟ್ಟವರೆಂದರೆ ರೈತರು, ನಾವು ಬಳಸದ ಯೂನಿಟ್ಟೂ ನಮ್ಮ ತಲೆಗೇ ಬರುತ್ತದೆ.

ಕೃಷ್ಣಾ ಭಾಗ್ಯ ಜಲ ನಿಗಮವನ್ನೂ ನೆನೆಯುತ್ತೇನೆ. ಮೇಲ್ದಂಡೆ ಯೋಜನೆಗೆ ಬಜೆಟ್ಟಿನ ಹಣ ಸಾಲದೆಂದು, ಮಾರುಕಟ್ಟೆಯಿಂದ ಸಾಲ ಎತ್ತಲು ಅನುಕೂಲವಾಗಲೆಂದು 1994ರ ಆಗಸ್ಟ್‌ನಲ್ಲಿ ಕಟ್ಟಿದ ಕಂಪನಿ ಅದು. ಸಾಲ ಕಂಪನಿಯ ಹೆಸರಿನಲ್ಲಿ, ತೀರಿಸುವುದು ಸರ್ಕಾರದ ಬೊಕ್ಕಸದಿಂದ. ಆ ಯೋಜನೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ನಮ್ಮ ಬೀಳಗಿ ತಾಲ್ಲೂಕಿನ ಎಷ್ಟು ಹಳ್ಳಿಗಳು ಹೋದವೆಂದು ನಿನಗೆ ಹೇಳಬೇಕಿಲ್ಲ. ಪರಿಹಾರ ಸಾಲದೆಂದು ಕೋರ್ಟಿಗೆ ಹೋದ ರೈತನಿಗೆ ಹೆಚ್ಚಿನ ಹಣ ಕೊಡಿ ಎಂದು ತೀರ್ಪಾಗುತ್ತದೆ, ಮೇಲ್ಮನವಿ ಹೋಗುತ್ತದೆ. ಆ ಮೊತ್ತವನ್ನು ಇಂಥ ನಿಗಮಗಳು ಕೊಡಲೇಬೇಕಾದ ಬಾಕಿ ಎಂದು ತಾಳೆಪಟ್ಟಿಯಲ್ಲಿ ಬರೆಯಬೇಕೋ, ಮುಂದೆ ಬರಬಹುದಾದ ಹೊಣೆ ಎಂದು ಕೊನೆಯ ಟಿಪ್ಪಣಿಯಲ್ಲಿ ಬರೆದು ಬಿಡಬೇಕೋ? ಈ ನಿಗಮ ತಪ್ಪು ಬರೆದಿದೆ ಎಂದು ನಾನು ಹೇಳುತ್ತಿಲ್ಲ. ನಿನ್ನ ಕೈಗೆ ಇಂಥ ಆಯ್ಕೆ ಬಂದಾಗ, ಆ ಸಾಲಿನ ಹಿಂದೆ ಮುಳುಗಿದ ಮನೆಯೊಂದಿದೆ ಎಂಬುದು ನೆನಪಿರಲಿ ಎಂದಷ್ಟೇ.

ನಮ್ಮ ರಾಜ್ಯಕ್ಕೆ ಮಾತ್ರ ಅಂಟಿದ ರೋಗ ಇದೆಂದು ತಿಳಿಯಬೇಡ. ಮಲೇಷ್ಯಾ ಸರ್ಕಾರ 2009ರಲ್ಲಿ 1ಎಂಡಿಬಿ ಎಂಬ ಕಂಪನಿ ಕಟ್ಟಿತು. ಪ್ರಧಾನಿ ನಜೀಬ್ ರಜಾಕ್ ಅದರ ಸಲಹಾ ಮಂಡಳಿಯ ಅಧ್ಯಕ್ಷರಾಗಿದ್ದರು. ಪ್ರಶ್ನೆ ಕೇಳಿದ ಪರಿಶೋಧಕರನ್ನು ಬದಲಿಸುತ್ತ ಹೋದರು. ಜಗತ್ತಿನ ಹೆಸರಾಂತ ಮೂರು ಸಂಸ್ಥೆಗಳು ಒಂದರ ಹಿಂದೊಂದು ಬಂದುಹೋದವು. 2016ರಲ್ಲಿ ಕೊನೆಯ ಸಂಸ್ಥೆ, 2013 ಮತ್ತು 2014ರ ನಮ್ಮ ವರದಿಗಳನ್ನು ಇನ್ನು ನಂಬಬೇಡಿ ಎಂದು ತಾನೇ ಹೇಳಿತು. ಸರ್ಕಾರದ ಲೆಕ್ಕಪರಿಶೋಧಕರು ಬರೆದ ವರದಿಯನ್ನು ರಾಜ್ಯರಹಸ್ಯವೆಂದು ಮುಚ್ಚಿಟ್ಟಿದ್ದರು, 2018ರ ಚುನಾವಣೆಯಲ್ಲಿ ಸರ್ಕಾರ ಬಿದ್ದ ಮೇಲೆ ಅದು ಹೊರಬಂತು. 450 ಕೋಟಿ ಡಾಲರ್ ಲೂಟಿಯಾಗಿದೆ ಎಂದು ಅಮೆರಿಕದ ನ್ಯಾಯ ಇಲಾಖೆ ಹೇಳಿತು. ಇಲ್ಲಿಯೂ ಒಡೆಯ, ಮೇಲ್ವಿಚಾರಕ, ಫಲಾನುಭವಿ ಒಂದೇ ಸ್ಥಾನದಲ್ಲಿ ಕೂತಿದ್ದರು. ನಮ್ಮಲ್ಲಿ ಪರಿಶೋಧಕರನ್ನು ನಿಗಮ ತಾನಾಗಿ ಬದಲಿಸುವಂತಿಲ್ಲ ಎಂಬುದು ನಮ್ಮ ಕಾನೂನಿನ ದೊಡ್ಡ ಗುಣ. ಅದನ್ನು ಗೌರವದಿಂದ ಕಾಣು. ಆಡಿಟ್‌ನವರು ಬಂದಾಗ ಕಡತ ಸಿಗುತ್ತಿಲ್ಲ ಎನ್ನುವ ಚಾಳಿಯನ್ನು ಕಲಿಯಬೇಡ.

ಈಗ ನಿನ್ನ ವಿಷಯ. ಅಮೆರಿಕದ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಹಣ ದುರುಪಯೋಗ ಮಾಡಿ ಜೈಲು ಸೇರಿದವರನ್ನು ಮಾತನಾಡಿಸಿ 1953ರಲ್ಲಿ ಒಂದು ಪುಸ್ತಕ ಬರೆದ. ನಿನ್ನ ಪಠ್ಯದಲ್ಲಿ ಒತ್ತಡ, ಅವಕಾಶ, ಸಮರ್ಥನೆ ಎಂದು ಮೂರು ಮಾತಾಗಿ ಅದು ಬಂದಿದೆ. ಆದರೆ ಅವನು ಬರೀ ಒತ್ತಡ ಎಂದಿರಲಿಲ್ಲ, ಇನ್ನೊಬ್ಬರ ಜೊತೆ ಹಂಚಿಕೊಳ್ಳಲಾಗದ ತೊಂದರೆ ಎಂದಿದ್ದ. ನನಗೆ ಬಹಳ ನಿಜ ಅನ್ನಿಸಿದ ಮಾತು ಅದು. ಸರ್ಕಾರಿ ಕಚೇರಿಯಲ್ಲಿ ಮೇಲಿನವರು ಬಾಯಿಮಾತಿನಲ್ಲಿ ಹೇಳುತ್ತಾರೆ, ಕಾಗದದಲ್ಲಿ ಸಹಿ ಕೆಳಗಿನವನದ್ದು. ಹೊಸಬ ಯಾರಿಗೆ ಹೇಳಬೇಕು? ಸುಮ್ಮನೆ ಒಬ್ಬನೇ ಹೊರುತ್ತಾನೆ. ಒಂದು ಸಹಿ ಮುಂದಿನ ಸಹಿಗೆ ಎಳೆಯುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಬಾಯಿಮಾತಿನ ಆದೇಶ ಬಂದ ದಿನವೇ ಅದನ್ನು ಟಿಪ್ಪಣಿ ಹಾಳೆಯಲ್ಲಿ ಬರೆ. ‘ಮೌಖಿಕ ಸೂಚನೆಯಂತೆ’ ಎಂದು ಬರೆದು, ದಿನಾಂಕ ಹಾಕಿ, ಲಿಖಿತ ಅನುಮೋದನೆಗೆ ಮೇಲಕ್ಕೆ ಕಳಿಸು. ಅದರಲ್ಲಿ ಅಗೌರವವೇನೂ ಇಲ್ಲ, ಕಚೇರಿಯ ರೀತಿಯೇ ಅದು. ಹೊಸ ಬ್ಯಾಂಕ್ ಖಾತೆ ತೆರೆಯುವ ಕಾಗದ ಬಂದರೆ ಆಡಳಿತ ಮಂಡಳಿಯ ಠರಾವಿನ ಮೂಲ ಪುಸ್ತಕ ನೋಡದೆ ಮುಂದೆ ಕಳಿಸಬೇಡ. ಜೆರಾಕ್ಸ್ ಪ್ರತಿ ಸಾಕೆಂದು ಯಾರೇ ಹೇಳಲಿ. ಠೇವಣಿಯ ದೃಢೀಕರಣವನ್ನು ಏಜೆಂಟರ ಕೈಯಿಂದ ತೆಗೆದುಕೊಳ್ಳಬೇಡ, ಬ್ಯಾಂಕಿನ ಮುಖ್ಯ ಕಚೇರಿಗೇ ಬರೆದು ತರಿಸು. 2013ರ ಕಾಯ್ದೆಯ 447ನೇ ಕಲಮಿನಲ್ಲಿ ವಂಚನೆಗೆ ಹತ್ತು ವರ್ಷದವರೆಗೆ ಸಜೆ ಇದೆ, ಸಾರ್ವಜನಿಕ ಹಿತ ಒಳಗೊಂಡಿದ್ದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲ. ನಿಗಮದ ಹಣ ಎಂದರೆ ಸಾರ್ವಜನಿಕ ಹಿತವೇ. ಮೇಲಿನವರು ಹೇಳಿದರು ಎಂಬುದು ಅಲ್ಲಿ ನಿನ್ನನ್ನು ಕಾಯುವುದಿಲ್ಲ, ನೀನು ಬರೆದಿಟ್ಟ ಟಿಪ್ಪಣಿ ಕಾಯಬಹುದು.

ವರ್ಗಾವಣೆ ಮಾಡುತ್ತೇವೆ ಎಂದು ಹೆದರಿಸಿದರೆ ಹೋಗು. ಬೀದರಾಗಲಿ ಚಾಮರಾಜನಗರವಾಗಲಿ, ಅಲ್ಲಿಯೂ ಜನ ಇದ್ದಾರೆ, ಊಟಕ್ಕೆ ಅನ್ನವಿದೆ. ಅಮಾನತು ಮಾಡಿದರೂ ಮನೆಗೆ ಬಾ. ಇಲ್ಲಿ ಹೊಲವಿದೆ, ನಾವಿದ್ದೇವೆ. ನಿನ್ನಪ್ಪ, ನಿನ್ನವ್ವ, ನಾನು, ಯಾರೊಬ್ಬರೂ ನಿನ್ನನ್ನು ಏನಾಯಿತೆಂದು ಸಿಟ್ಟಿನಿಂದ ಕೇಳುವುದಿಲ್ಲ. ಶಿವಮೊಗ್ಗದ ಆ ಮನೆಯವರ ಮುಖ ಪತ್ರಿಕೆಯಲ್ಲಿ ನೋಡಿದ ದಿನದಿಂದ ನನಗೆ ಇದನ್ನು ಯಾರಿಗಾದರೂ ಹೇಳಬೇಕಿತ್ತು, ನಿನಗೆ ಹೇಳುವ ಹೊತ್ತು ಬಂತು. ಎಂಥ ಸಂಕಟವಿದ್ದರೂ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಒಬ್ಬನೇ ಹೊತ್ತುಕೊಂಡು ಕೂರಬೇಡ.

ಕೆಲಸಕ್ಕೆ ಹಾಜರಾದ ಮೊದಲ ತಿಂಗಳಲ್ಲೇ ನಿಗಮದ ಹೆಸರಿನಲ್ಲಿ ಎಷ್ಟು ಬ್ಯಾಂಕ್ ಖಾತೆಗಳಿವೆ, ಕೊನೆಯ ಬಾರಿ ಅವುಗಳ ತಾಳೆ ಯಾವಾಗ ಆಗಿದೆ, ಯಾವ ವರ್ಷದವರೆಗಿನ ಲೆಕ್ಕಕ್ಕೆ ಪರಿಶೋಧಕರ ಸಹಿ ಬಿದ್ದಿದೆ ಎಂಬ ಮೂರನ್ನು ಕೇಳಿ ತಿಳಿದುಕೋ. ಉತ್ತರ ಸಿಗದಿದ್ದರೆ ನಿನ್ನ ಲೆಕ್ಕಾಧಿಕಾರಿಗೆ ಬರವಣಿಗೆಯಲ್ಲಿ ಕೇಳು, ಮತ್ತು ನನಗೊಂದು ಪತ್ರ ಬರೆ.

ನಿನ್ನ ಮುತ್ಯಾ